ಪುಟ್ಟಿಯ ಬ್ಲೇಜರ್ ವಿಷಯ

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ವಾಯ್ಸ್ ಕಳಿಸೋಣ ಎಂದರೆ ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದಾರೆ, ನನ್ನ ದನಿ ನನಗೇ ಕೇಳಿಸುತ್ತಿಲ್ಲ. ಅದಕ್ಕೇ ಮಾತಾಡಿದ ಹಾಗೇ ಟೈಪ್ ಮಾಡುತ್ತಿದ್ದೇನೆ. ಉದ್ದ ಆದರೆ ಯಾರೂ ಬೈಯಬೇಡಿ.

ಮುಂದಿನ ತಿಂಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರುತ್ತೀಯ, ದಿನಾ ಹಾಕಿಕೊಳ್ಳಲು ಒಂದು ಬ್ಲೇಜರ್ ಬೇಕು, ಆನ್‌ಲೈನ್‌ನಲ್ಲಿ 1,800 ರೂಪಾಯಿಯ ಕಪ್ಪು ಬಣ್ಣದ್ದು ನೋಡಿಟ್ಟಿದ್ದೀಯ, ಅದನ್ನೇ ತಗೊಳ್ಳಲಾ ಅಥವಾ ಹೊಲಿಸಲಾ, ಇಷ್ಟೇ ತಾನೇ ನೀನು ಕೇಳಿದ್ದು? ಅದಕ್ಕೆ ಭಾವ "ಕೋಟು ಹಾಕ್ಕೊಂಡು ಕೇಸು ನಡೆಸೋಕೆ ಹೋಗ್ತೀಯೇನೇ" ಎಂದು ಹಾಕಿದ್ದಾರೆ. ನಗಬೇಡಿ, ಭಾವ ಹೇಳಿದ್ದು ನಿಜ. ನಮ್ಮಲ್ಲಿ ಬಿಳಿ ಕುರ್ತಾ ಮೇಲೆ ಕಪ್ಪು ಕೋಟು ಎಂದರೆ ವಕೀಲರೇ. ನಾನು ಹಾಗೆ ಹಾಕಿಕೊಂಡು ಒಮ್ಮೆ ಮೈಸೂರು ಬ್ಯಾಂಕ್ ಸರ್ಕಲ್‌ನಲ್ಲಿ ಆಟೋ ಹತ್ತಿದ್ದೆ. ಡ್ರೈವರ್ ದಾರಿಯುದ್ದಕ್ಕೂ ತನ್ನ ಸೈಟಿನ ತಕರಾರು ಹೇಳಿ, ಇಳಿಯುವಾಗ "ಮೇಡಂ, ಕೇಸ್ ನಿಲ್ಲುತ್ತಾ?" ಎಂದು ಕೇಳಿದ. ಬ್ಯಾಂಕಿನವಳು ಎಂದರೂ ನಂಬಲಿಲ್ಲ. ಆ ಕಪ್ಪು ಕೋಟು ವಕೀಲರಿಗೂ ಬೇಸಿಗೆಯಲ್ಲಿ ಕೆಳಗಿನ ಕೋರ್ಟುಗಳಲ್ಲಿ ಕಡ್ಡಾಯವಿಲ್ಲ, ನಿನಗ್ಯಾಕೆ ಬೇಕು? ಬೂದು ಬಣ್ಣ ತಗೋ, ಇಲ್ಲಾಂದ್ರೆ ಕಡುನೀಲಿ. ಎರಡೂ ನಿನ್ನ ಎಲ್ಲ ಕುರ್ತಾಗಳಿಗೂ ಹೊಂದುತ್ತವೆ. ಧೂಳೂ ಕಪ್ಪಿನಷ್ಟು ಎದ್ದು ಕಾಣುವುದಿಲ್ಲ.

ಇನ್ನು ರೆಡಿಮೇಡಾ, ಹೊಲಿಸೋದಾ ಎಂಬ ವಿಷಯ. ನಾನಾದರೆ ಹೊಲಿಸುತ್ತೇನೆ. ಯಾಕೆಂದರೆ ಭುಜ. ಸೊಂಟ ಸಡಿಲ ಇದ್ದರೆ ಯಾವ ಟೈಲರ್ ಬೇಕಾದರೂ ಹಿಡಿದು ಕೊಡುತ್ತಾನೆ. ತೋಳು ಉದ್ದ ಇದ್ದರೆ ಮಡಚಿ ಹೊಲಿಯಬಹುದು. ಭುಜ ಹೆಚ್ಚುಕಮ್ಮಿ ಆದರೆ ಮಾತ್ರ ತೋಳು ಪೂರ್ತಿ ಬಿಚ್ಚಿ, ಕಂಕುಳ ಸುತ್ತಿನ ಕಟಿಂಗ್ ಸರಿಮಾಡಿ ಮತ್ತೆ ಕೂರಿಸಬೇಕು. ಆ ಕೂಲಿಗೆ ಇನ್ನೊಂದು ಕೋಟೇ ಬರುತ್ತದೆ. ನಿನ್ನದು ನಮ್ಮ ಅಮ್ಮನ ಮೈಕಟ್ಟು. ಭುಜ ಚಿಕ್ಕದು, ಸೊಂಟ ಅಗಲ. ಸೊಂಟಕ್ಕೆ ಸರಿಯಾಗಿ ತಗೊಂಡರೆ ಭುಜ ಇಳಿಬೀಳುತ್ತದೆ, ಭುಜಕ್ಕೆ ತಗೊಂಡರೆ ಬಟನ್ ಬೀಳಲ್ಲ. ನಾನು ಎಷ್ಟು ಅಂಗಡಿ ಸುತ್ತಿದ್ದೇನೆ, ನನಗೆ ಗೊತ್ತಿಲ್ವಾ?

ಕನ್ನಡಿ ಮುಂದೆ ಸುಮ್ನೆ ನೆಟ್ಟಗೆ ನಿಂತು ನೋಡಿದರೆ ಯಾವ ಕೋಟೂ ಚೆಂದವೇ. ಬಿಎಂಟಿಸಿ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದ ಹಾಗೆ ಬಲಗೈ ಎತ್ತು. ಆಗ ಕೋಟು ಪೂರ್ತಿ ಮೇಲೆದ್ದು ಕಾಲರ್ ಕಿವಿಗೆ ಬಂದರೆ, ಕಂಕುಳ ಕೆಳಗಿನ ಸುತ್ತು ತುಂಬಾ ಇಳಿದಿದೆ ಎಂದರ್ಥ. ಅಲ್ಲಿ ಸಡಿಲ ಬಿಟ್ಟರೆ ಕೈ ಆಡಿಸಲು ಆರಾಮ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಆಗುವುದು ಉಲ್ಟಾ. ಸುತ್ತು ಕಂಕುಳಿಗೆ ಹತ್ತಿರ ಇದ್ದರೇ ಕೈ ಒಂದೇ ಮೇಲೇಳುತ್ತದೆ, ಕೋಟು ಇದ್ದಲ್ಲೇ ಇರುತ್ತದೆ. ಮೊದಲ ಟ್ರಯಲ್‌ನಲ್ಲೇ ಇದನ್ನು ನೋಡಿ ಹೇಳಬೇಕು, ಆಮೇಲೆ ಟೈಲರ್ ಕೈಯಲ್ಲೂ ಏನೂ ಉಳಿದಿರುವುದಿಲ್ಲ.

ಈಗ ನನ್ನ ಮೊದಲ ಕೋಟಿನ ಕಥೆ. ಅಕ್ಕನಿಗೆ ನೆನಪಿರುತ್ತದೆ. ಗಂಡಸರ ಸೂಟು ಹೊಲಿಯುವವರ ಹತ್ತಿರ ಕೊಟ್ಟಿದ್ದೆ. ಎದೆ ಭಾಗ ನೆಟ್ಟಗೆ ನಿಲ್ಲಲು ಒಳಗೆ ಕ್ಯಾನ್ವಾಸ್, ಅಂದರೆ ಗಟ್ಟಿ ಬಟ್ಟೆ, ಹೊಲಿದು ಹಾಕುತ್ತೇನೆ ಎಂದವನು ಫ್ಯೂಸಿಂಗ್, ಅಂದರೆ ಬಿಸಿಗೆ ಅಂಟಿಕೊಳ್ಳುವ ಒಳಪದರ, ಇಸ್ತ್ರಿ ಹೊಡೆದು ಕೊಟ್ಟಿದ್ದ. ನನಗೂ ಬುದ್ಧಿ ಇರಲಿಲ್ಲ, ಎರಡು ತಿಂಗಳಿಗೆ ಬಿಸಿನೀರಿನ ಬಕೆಟ್ಟಿನಲ್ಲಿ ನೆನೆಹಾಕಿದೆ. ಒಣಗಿದ ಮೇಲೆ ನೋಡಿದರೆ ಎದೆ ಮೇಲೆಲ್ಲ ಕರಿದ ಹಪ್ಪಳದ ಹಾಗೆ ಗುಳ್ಳೆ! ಅಂಟು ಬಿಟ್ಟು ಬಟ್ಟೆ ಬೇರೆ, ಫ್ಯೂಸಿಂಗ್ ಬೇರೆ ಆಗಿತ್ತು. ಎಷ್ಟು ಇಸ್ತ್ರಿ ಹಾಕಿದರೂ ಕೂರಲಿಲ್ಲ. ಸಾಲದ್ದಕ್ಕೆ ಬಟನ್ ಪಟ್ಟಿಯೂ ಗಂಡಸರ ಕಡೆಗೇ ಇತ್ತು. ಹೆಂಗಸರ ಕೋಟಿನಲ್ಲಿ ಬಲಗಡೆ ಭಾಗ ಮೇಲೆ ಬರಬೇಕು, ಬಟನ್ ಎಡಗಡೆ. ಅಳತೆ ಕೊಡುವಾಗಲೇ ಇದನ್ನು ಹೇಳಿಬಿಡು, ಅಭ್ಯಾಸಬಲದಲ್ಲಿ ಉಲ್ಟಾ ಮಾಡಿಬಿಡುತ್ತಾರೆ.

ಫ್ಯೂಸಿಂಗ್ ಎಂದರೆ ಕೆಟ್ಟದ್ದು ಅಂತಲ್ಲ. ಕಾಲರಿಗೆ, ಬಟನ್ ಪಟ್ಟಿಗೆ ತೆಳ್ಳನೆಯದು ಸಾಕು. ದಿನಬಳಕೆಯ ಕೋಟು ಮೆತ್ತಗೆ ಇರಬೇಕು. ಭುಜಕ್ಕೆ ದಪ್ಪ ಪ್ಯಾಡ್ ಬೇಡ, ಇದ್ದೂ ಇಲ್ಲದ ಹಾಗೆ ಒಂದು ತೆಳು ಪದರ ಇರಲಿ. ಲೈನಿಂಗ್ ಬೆನ್ನಿನ ಮೇಲರ್ಧಕ್ಕೆ ಮತ್ತು ತೋಳಿಗೆ ಮಾತ್ರ. ತೋಳಿಗೆ ಬೇಕೇ ಬೇಕು, ಇಲ್ಲಾಂದ್ರೆ ಕಾಟನ್ ಕುರ್ತಾದ ತೋಳು ಒಳಗೆ ಮುದ್ದೆಯಾಗಿ ಮೊಣಕೈ ಹತ್ತಿರ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಪಾಲಿಯೆಸ್ಟರ್ ಲೈನಿಂಗ್ ಮಾತ್ರ ಬೇಡ. ಆಫೀಸಿನ ಏಸಿಯಲ್ಲಿ ಗೊತ್ತಾಗಲ್ಲ, ಮಧ್ಯಾಹ್ನ ಊಟಕ್ಕೆ ಹೊರಗೆ ಬಂದಾಗ ಬೆನ್ನು ತೊಯ್ದು ಹೋಗುತ್ತದೆ. ಮಂಗಳೂರಿನ ಸೆಕೆಗಂತೂ ಕೇಳಲೇಬೇಡಿ, ಅಲ್ಲಿಯ ಅತ್ತಿಗೆ ಕಾಲೇಜಿಗೆ ಹೊಲಿಸಿದ ಕೋಟನ್ನು ಕುರ್ಚಿಗೆ ಹಾಕಿಯೇ ಮೂರು ವರ್ಷ ಕಳೆದರು.

ಬಟ್ಟೆಗೆ ಲಿನನ್ ಚೆಂದ, ಆದರೆ ಕೂತು ಎದ್ದರೆ ಸುಕ್ಕು. ಪಾಲಿಯೆಸ್ಟರ್ ವಿಸ್ಕೋಸ್ ಬೆರಕೆ ಅಷ್ಟು ಸುಕ್ಕಾಗಲ್ಲ, ಗಾಳಿ ಕಮ್ಮಿ. ನಾನು ಕಾಟನ್ ಟ್ವಿಲ್, ಅಂದರೆ ಓರೆ ಗೆರೆಯ ನೇಯ್ಗೆಯ ಕಾಟನ್ ಪಕ್ಷ. ಚಿಕ್ಕಪೇಟೆಯಲ್ಲಿ ದೊಡ್ಡ ಪನ್ನದ್ದು, 58 ಇಂಚು ಅಗಲದ್ದು ಕೇಳು. ನಿನ್ನ ಅಳತೆಗೆ ಎರಡು ಮೀಟರ್ ಸಾಕಾಗಬಹುದು, ಇನ್ನೊಂದು ಕಾಲು ಮೀಟರ್ ಸೇರಿಸಿ ತಂದರೆ ಟೈಲರ್ ಗೊಣಗುವುದಿಲ್ಲ. ಕತ್ತರಿ ಹಾಕುವ ಮೊದಲು ರಾತ್ರಿ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಕೊಡು. ಕಾಟನ್ ಕುಗ್ಗುವುದಿದ್ದರೆ ಮನೆಯಲ್ಲೇ ಕುಗ್ಗಲಿ.

ಅಕ್ಕ ಕೇಳಿದ್ದರು, ಅಮ್ಮನ ಗುಳೇದಗುಡ್ಡ ಖಣದಲ್ಲಿ ಹೊಲಿಸಬಹುದಾ ಅಂತ. ಅಕ್ಕ, ಅದು ರವಿಕೆಗೆಂದು ನೇಯ್ದದ್ದು, ಅಗಲ ಕಮ್ಮಿ. ಕೋಟಿಗೆ ತುಂಡು ತುಂಡು ಜೋಡಿಸಬೇಕು, ಎರಡು ಕಡೆಯ ಹೂವು ಒಂದಕ್ಕೊಂದು ಕೂರಿಸಬೇಕು. ಹಬ್ಬಕ್ಕೆ ಸರಿ, ದಿನಾ ಬಸ್ಸಿಗೆ ಬೇಡ. ಅದರ ಬದಲು ಒಳಜೇಬು ಖಣದಲ್ಲಿ ಮಾಡಿಸೋಣ. ಹೆಂಗಸರ ರೆಡಿಮೇಡ್ ಕೋಟುಗಳಲ್ಲಿ ಎಷ್ಟೋ ಸಲ ಜೇಬಿನ ಪಟ್ಟಿ ಮಾತ್ರ ಇರುತ್ತದೆ, ಒಳಗೆ ಜೇಬೇ ಇರಲ್ಲ. ಹೊಲಿಸುವಾಗ ನಮ್ಮಿಷ್ಟ ಅಲ್ವಾ? ಏಳು ಇಂಚು ಆಳ ಹೇಳು, ಫೋನ್ ಪೂರ್ತಿ ಇಳಿಯಬೇಕು.

ಉದ್ದದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಹಿಂಭಾಗ ಅರ್ಧ ಮುಚ್ಚಿದರೆ ಪ್ಯಾಂಟಿಗೂ ಕುರ್ತಾಗೂ ಆಗುತ್ತದೆ. ಸೀರೆ ಮೇಲೆ ಹಾಕುವ ದಿನ ಸೆರಗು ಕೋಟಿನ ಒಳಗೆ ಇರಲಿ.

ಕೋಟಿನ ಕೆಳಅಂಚು ನೆಟ್ಟಗೆ ಬೀಳಬೇಕೆಂದು ಪ್ಯಾರಿಸ್‌ನಲ್ಲಿ ಶನೆಲ್ ಎಂಬ ಫ್ಯಾಷನ್ ಡಿಸೈನರ್ ಅವರ ಜಾಕೆಟ್ಟುಗಳಿಗೆ ಒಳಗಡೆ ಸಣ್ಣ ಸರಪಳಿ ಹೊಲಿಯುತ್ತಿದ್ದರು, ಈಗಲೂ ಹೊಲಿಯುತ್ತಾರೆ. ಓದಿದಾಗ ನಗು ಬಂತು. ನಾವು ಸೀರೆಗೆ ಫಾಲ್ ಹಚ್ಚುವುದು ಅದಕ್ಕೇ ಅಲ್ವಾ?

ಹಾಂ, ಹೊಸ ಕೋಟು ಬಂದಾಗ ಹಿಂದಿನ ಸೀಳಿಗೆ ಗುಣಾಕಾರದ ಗುರುತಿನ ಹಾಗೆ ಒಂದು ದಾರ ಹಾಕಿರುತ್ತಾರೆ, ಜೇಬಿನ ಬಾಯಿಗೂ ಸಡಿಲ ಹೊಲಿಗೆ ಇರುತ್ತದೆ. ಅದು ಡಿಸೈನ್ ಅಲ್ಲ, ಬಿಚ್ಚಬೇಕು. ನಮ್ಮ ಬ್ರಾಂಚಿನಲ್ಲಿ ಒಬ್ಬರು ಇಡೀ ಮಳೆಗಾಲ ಆ ದಾರದ ಸಮೇತ ಓಡಾಡಿದರು. ಹೇಳಲು ನಮಗೆ ಯಾರಿಗೂ ಧೈರ್ಯ ಬರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಬಾ, ಟೈಲರ್ ಹತ್ತಿರ ನಾನೂ ಬರುತ್ತೇನೆ. ನೀನು ಆಫೀಸಿಗೆ ಹಾಕುವ ಕುರ್ತಾಗಳಲ್ಲಿ ಎಲ್ಲಕ್ಕಿಂತ ದಪ್ಪದ್ದು ಹಾಕಿಕೊಂಡು ಬಾ. ಅಳತೆ ಅದರ ಮೇಲೇ ತೆಗೆಸಬೇಕು. ಅಕ್ಕ, ಖಣದ ತುಂಡು ಮರೆಯದೆ ಕೊಟ್ಟು ಕಳಿಸಿ. ಬೋರ್‌ವೆಲ್ ನಿಂತಿತು, ಸಾಂಬಾರಿಗೆ ಬೇಳೆ ಇಡಬೇಕು.