ಐದೇ ಮಂದಿಯ ಯೂಸಬಿಲಿಟಿ ಟೆಸ್ಟಿಂಗ್ ನಂಬಿ ವಿನ್ಯಾಸ ಬದಲಿಸಬಹುದೇ?

ಪ್ರಶ್ನೆ:
ನಮ್ಮ ತಂಡ ಆನ್‌ಲೈನ್ ಅರ್ಜಿಯೊಂದರ ಪರದೆಗಳನ್ನು ಹೊಸದಾಗಿ ರೂಪಿಸಿದೆ. ತೋರಿಸಿ ಅಭಿಪ್ರಾಯ ಕೇಳಿದಾಗ ಎಲ್ಲರೂ ಚೆನ್ನಾಗಿದೆ ಎಂದರು. ಆದರೆ ಅರ್ಧಕ್ಕೇ ಬಿಟ್ಟುಹೋಗುವವರ ಸಂಖ್ಯೆ ಮಾತ್ರ ಇಳಿದಿಲ್ಲ. ಐದು ಮಂದಿಯಿಂದ ಬಳಸಿ ನೋಡಿಸಿದರೆ (ಯೂಸಬಿಲಿಟಿ ಟೆಸ್ಟಿಂಗ್) ಸಾಕೆಂದು ಕೆಲವರು ಹೇಳುತ್ತಾರೆ. ಅಷ್ಟು ಚಿಕ್ಕ ಗುಂಪನ್ನು ನಂಬಬಹುದೇ?

ಉತ್ತರ 1:
ಮೊದಲು ಅಭಿಪ್ರಾಯ ಕೇಳುವುದನ್ನು ಬಿಟ್ಟು, ಅರ್ಜಿಯನ್ನು ತುಂಬಿ ಕಳುಹಿಸುವ ಕೆಲಸ ಕೊಟ್ಟು ನೋಡಿ. ನಾವು ಹಿಂದೊಮ್ಮೆ ಇಂಥದ್ದೇ ಅರ್ಜಿಯನ್ನು ಪರೀಕ್ಷಿಸಿದಾಗ ಒಬ್ಬರು ಎಲ್ಲ ವಿವರಗಳನ್ನೂ ಸರಿಯಾಗಿ ತುಂಬಿ, ಕೊನೆಯಲ್ಲಿ ‘ಉಳಿಸಿ’ ಒತ್ತಿ, ಅರ್ಜಿ ಹೋಯಿತೆಂದು ನೆಮ್ಮದಿಯಿಂದ ಫೋನನ್ನು ಮೇಜಿನ ಮೇಲಿಟ್ಟರು. ‘ಸಲ್ಲಿಸಿ’ ಗುಂಡಿ ಅದರ ಕೆಳಗೆ, ಪರದೆಯನ್ನು ಮೇಲಕ್ಕೆ ಸರಿಸಿದರಷ್ಟೇ ಕಾಣುವಂತಿತ್ತು. ಹೇಗಿತ್ತೆಂದು ಕೇಳಿದ್ದರೆ ಅವರೂ ಸುಲಭವಾಗಿತ್ತು ಎಂದೇ ಹೇಳುತ್ತಿದ್ದರು, ಏಕೆಂದರೆ ತಪ್ಪಾಗಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ನಾವು ‘ಉಳಿಸಿ’ ಎಂಬುದನ್ನು ‘ಆಮೇಲೆ ಮುಂದುವರಿಸುವೆ’ ಎಂದೂ ‘ಸಲ್ಲಿಸಿ’ ಎಂಬುದನ್ನು ‘ಅರ್ಜಿ ಕಳುಹಿಸಿ’ ಎಂದೂ ಬದಲಿಸಿ, ಎರಡನ್ನೂ ಒಟ್ಟಿಗೆ ಕಾಣುವಂತೆ ಇಟ್ಟೆವು. ಮುಂದಿನ ಸುತ್ತಿನಲ್ಲಿ ಯಾರೂ ಅಲ್ಲಿ ಎಡವಲಿಲ್ಲ.

ಉತ್ತರ 2:
ಐದರ ಲೆಕ್ಕ ಸಂಶೋಧಕರಾದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಪ್ರಕಟಿಸಿದ ಗಣಿತದ ಮಾದರಿಯನ್ನು ಆಧರಿಸಿದೆ. ಒಬ್ಬ ಬಳಕೆದಾರರಿಂದ ಸರಾಸರಿ ಶೇ. 31ರಷ್ಟು ದೋಷಗಳು ಬಯಲಾಗುತ್ತವೆ ಎಂದಿಟ್ಟುಕೊಂಡರೆ ಐವರಿಂದ ಸುಮಾರು ಶೇ. 85ರಷ್ಟು ಸಿಗುತ್ತವೆ. ಇದು ಪದೇ ಪದೇ ಕಾಣಿಸಿಕೊಳ್ಳುವ ದೋಷಗಳಿಗೆ ಹೊಂದುವ ಲೆಕ್ಕ. ಹತ್ತರಲ್ಲಿ ಒಬ್ಬರಿಗಷ್ಟೇ ಎದುರಾಗುವ ತೊಡಕು ಐವರ ಪರೀಕ್ಷೆಯಲ್ಲಿ ಒಮ್ಮೆಯಾದರೂ ಕಾಣಿಸುವ ಸಂಭವ ಶೇ. 41 ಮಾತ್ರ. ಆದ್ದರಿಂದ ಹದಿನೈದು ಮಂದಿಯನ್ನು ಒಂದೇ ಸಲ ಕರೆಯುವ ಬದಲು ಐವರಂತೆ ಮೂರು ಸುತ್ತು ಮಾಡಿ, ನಡುನಡುವೆ ತಿದ್ದಿಕೊಳ್ಳುವುದು ಮೇಲು. ತಿದ್ದುಪಡಿಯೇ ಹೊಸ ತೊಡಕು ತಂದಿದೆಯೇ ಎಂಬುದೂ ಆಗ ತಿಳಿಯುತ್ತದೆ. ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ) ಬಳಸುವವರಂಥ ಬೇರೆ ಬಗೆಯ ಬಳಕೆದಾರರಿದ್ದರೆ ಅವರನ್ನು ಪ್ರತ್ಯೇಕವಾಗಿ ಕರೆಯಲೇಬೇಕು. ‘ಶೇ. 80ರಷ್ಟು ಜನರಿಗೆ ಇಷ್ಟವಾಯಿತು’ ಎಂಬಂಥ ಅಂಕಿ ಮಾತ್ರ ಐವರಿಂದ ಬೇಡ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಪರೀಕ್ಷೆಯ ನಡುವೆ ಬಳಕೆದಾರರು ಸಿಕ್ಕಿಹಾಕಿಕೊಂಡು ನಮ್ಮನ್ನೇ ಸಹಾಯ ಕೇಳಿದರೆ ಏನು ಮಾಡಬೇಕು?

ಉತ್ತರ 1:
‘ನಾವು ಇಲ್ಲಿ ಇಲ್ಲದಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಮೆಲ್ಲಗೆ ಕೇಳಿ, ಸುಮ್ಮನಿರಿ. ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಲು ಮೊದಲೇ ಕೋರಿಕೊಳ್ಳಿ. ಪರೀಕ್ಷೆ ಪರದೆಗೇ ಹೊರತು ಅವರಿಗಲ್ಲ ಎಂಬುದನ್ನೂ ಆಗಲೇ ತಿಳಿಸಿ. ಆ ಮೌನವನ್ನು ಸಹಿಸುವುದು ವಿನ್ಯಾಸಕಾರರಿಗೆ ನಿಜಕ್ಕೂ ಕಷ್ಟ, ಆದರೆ ಬೆರಳು ಯಾವ ಗುಂಡಿಯ ಮೇಲೆ ತಡೆದು ನಿಂತಿತೆಂಬುದು ಕಾಣಿಸುವುದು ಆಗಲೇ.