ಹೊಸ ಶಿಕ್ಷಣ ನೀತಿಯಿಂದ ಸಣ್ಣ ಕೈಗಾರಿಕೆಗೆ ಉಪಯೋಗ ಇದೆಯಾ?

ಪೀಣ್ಯ ಮಷಿನ್ ಶಾಪ್:
ಕೆಲಸ ಕೇಳಿಕೊಂಡು ಬರುವ ಹುಡುಗರು ಎಸ್ಸೆಸ್ಸೆಲ್ಸಿ ಪಾಸಾಗಿರುತ್ತಾರೆ, ಆದರೆ ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ನೋಡಿ ಅಳತೆಯನ್ನು ದಶಾಂಶದಲ್ಲಿ ಬರೆಯಪ್ಪ ಅಂದರೆ ತಡವರಿಸುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯೊಳಗೆ 10 ದಿನ ಬ್ಯಾಗ್ ಇಲ್ಲದೆ ಬಡಗಿ, ಕುಂಬಾರರಂಥ ಕಸುಬುದಾರರ ಹತ್ತಿರ ಕಲಿಯಬೇಕು ಅಂತಿದೆ. ಇದರಿಂದ ಏನಾದರೂ ಬದಲಾಗುತ್ತದಾ?

ಹೈಸ್ಕೂಲ್ ಮೇಷ್ಟ್ರು:
10 ದಿನದಲ್ಲಿ ಯಾರೂ ಕೆಲಸಗಾರರಾಗುವುದಿಲ್ಲ ಸರ್, ಆಗಲೂಬಾರದು. 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಕಾನೂನೇ ಬಿಡುವುದಿಲ್ಲ. ಮಕ್ಕಳು ಆ 10 ದಿನ ನಿಮ್ಮ ಶಾಪಿಗೆ ಬಂದರೆ ಮಷಿನ್ ಮುಟ್ಟಿಸಬೇಡಿ. ಆದರೆ ನಾನು ಬೋರ್ಡಿನ ಮೇಲೆ ಬರೆಯುವ ಆ ದಶಾಂಶ ಎಲ್ಲಿ ಬೇಕಾಗುತ್ತದೆ, ಒಂದು ಕೂದಲೆಳೆ ಹೆಚ್ಚಾದರೆ ಮಾಲು ಹೇಗೆ ವಾಪಸ್ ಬರುತ್ತದೆ ಅಂತ ಕಣ್ಣಾರೆ ತೋರಿಸಿ. ಅದನ್ನು ನಾನು ಕ್ಲಾಸಿನಲ್ಲಿ ತೋರಿಸಲಾರೆ.

ಹುಬ್ಬಳ್ಳಿಯಿಂದ:
ನನ್ನ ಚಿಂತೆ ಬೇರೆ. 2023ರಲ್ಲಿ ನಮ್ಮ ರಾಜ್ಯ ಈ ನೀತಿ ಕೈಬಿಟ್ಟು, ತನ್ನದೇ ನೀತಿಗೆ ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ ಮಾಡಿತು. ಯಾವ ನೀತಿಯೇ ಬರಲಿ, ವ್ಯಾಪಾರದವರು ಸುಮ್ನೆ ಕೌಶಲ ಕೌಶಲ ಅನ್ನುವ ಬದಲು, 5ನೇ ಕ್ಲಾಸಿನೊಳಗೆ ಓದು, ಲೆಕ್ಕ ಗಟ್ಟಿ ಮಾಡಿ ಅಂತ ಒತ್ತಾಯಿಸಬೇಕು ಅಲ್ವಾ?

ಪೀಣ್ಯ ಮಷಿನ್ ಶಾಪ್:
ಒಪ್ಪಿದೆ. ಮೇಷ್ಟ್ರೇ, ನನ್ನ ಹತ್ತಿರ ಹಳೇ ವರ್ನಿಯರ್‌ಗಳಿವೆ. ನಿಮ್ಮ ಶಾಲೆಗೆ ಬೇಕಾ?