ಸಹಾಯ ಬೇಕು: ಮರುಳಾದನೇ, ಮೋಡಿಗೆ ಸಿಕ್ಕನೇ, ಮಂತ್ರಮುಗ್ಧನಾದನೇ?

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಮಾಟುಂಗಾದಲ್ಲಿ ನಮ್ಮವರ ಯಕ್ಷಗಾನವಿದೆ, ಪ್ರಸಂಗ ಭಸ್ಮಾಸುರ ಮೋಹಿನಿ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೂ ಕಥೆ ತಿಳಿಯಲಿ ಅಂತ ನಾನು ನಿರೂಪಣೆ ಬರೆಯುತ್ತಿದ್ದೇನೆ. ಒಂದೇ ವಾಕ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ:

"ಮೋಹಿನಿಯ ಕುಣಿತಕ್ಕೆ ______, ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟ."

ಮೊದಲು 'ಮಂತ್ರಮುಗ್ಧನಾಗಿ' ಅಂತ ಬರೆದೆ. ಮರಾಠಿಯಲ್ಲೂ ಇರುವ ಪದ, ಮಕ್ಕಳಿಗೆ ಥಟ್ಟನೆ ಗೊತ್ತಾಗುತ್ತದೆ. ಆದರೆ ಮಂತ್ರಮುಗ್ಧ ಅಂದರೆ ಅಲುಗಾಡದೆ ಕೂತು ಕಚೇರಿ ಕೇಳುವವರ ಚಿತ್ರ ಬರುತ್ತದೆ. ಇವನೋ, ಅವಳ ಹೆಜ್ಜೆಗೆ ಹೆಜ್ಜೆ ಹಾಕಿ ಕುಣಿಯುವವನು!

'ಮರುಳಾಗಿ' ನನಗೆ ತುಂಬಾ ಇಷ್ಟ. ಅಚ್ಚಗನ್ನಡ, ಭಾಗವತಿಕೆಗೂ (ಯಕ್ಷಗಾನದ ಹಾಡುಗಾರಿಕೆಗೂ) ಒಗ್ಗುತ್ತದೆ. ಅದರಲ್ಲಿ ಮೋಹವೂ ಇದೆ, ಬುದ್ಧಿ ಕೈಕೊಡುವುದೂ ಇದೆ. ಆದರೆ 'ಜನ ಮರುಳೋ ಜಾತ್ರೆ ಮರುಳೋ' ಅನ್ನುವಾಗ ಅದು ಹುಚ್ಚೇ ಅಲ್ಲವೇ? ಸಭೆಯಲ್ಲಿ ತುಳುವರು ಬಹಳ ಮಂದಿ. ಅವರ 'ಮರ್ಲ್' ಅಂದರೂ ಹುಚ್ಚೇ. ಅವರ ಕಿವಿಗೆ ಮೋಹ ಕೇಳಿಸೀತೇ?

'ಮೋಡಿಗೆ ಸಿಕ್ಕಿ' ಅನ್ನೋಣವೆಂದರೆ ಇಲ್ಲಿ ಶಾಲೆಗೆ ಹೋದವರಿಗೆ ಮೋಡಿ ಅಂದರೆ ಹಳೆಯ ಮರಾಠಿ ದಫ್ತರಗಳ ಲಿಪಿ.

ದಕ್ಷಿಣ ಕನ್ನಡ, ಉತ್ತರ ಕನ್ನಡದ ಹಿರಿಯರು ಅರ್ಥ ಹೇಳುವಾಗ, ಅಂದರೆ ಪಾತ್ರದ ಮಾತು ಆಡುವಾಗ, ಇಲ್ಲಿ ಯಾವ ಮಾತು ಬಳಸುತ್ತಾರೆ? ಕಿಟೆಲ್ ಅವರ 1894ರ ನಿಘಂಟು ಯಾರ ಬಳಿಯಾದರೂ ಇದ್ದರೆ 'ಮರುಳ್', 'ಮೋಡಿ' ಇರುವ ಪುಟಗಳ ಫೋಟೋ ದಯವಿಟ್ಟು ಹಾಕಿ. ಭಾನುವಾರದ ರಿಹರ್ಸಲ್‌ಗೆ ಮೊದಲು ಸಿಕ್ಕರೆ ದೊಡ್ಡ ಉಪಕಾರ.